ಉದರದ ಅಂತರ್ದರ್ಶನ

ನನ್ನ ಅಣ್ಣನವರು ಮಲದೊಡನೆ ರಕ್ತ ಹೋಗುತ್ತಿದ್ದುದನ್ನು ಮೂಲವ್ಯಾಧಿಯೆಂದೇ ಭಾವಿಸಿ, ಸುವರ್ಣಗೆಡ್ಡೆಯ ಪಲ್ಯವನ್ನೂ ಮಜ್ಜಿಗೆಯನ್ನೂ ನಂಬಿ, ಮನೆಯವರಿಗೂ ತಿಳಿಸದೆ ಮೂರು ವರ್ಷಗಳನ್ನು ಕಳೆದರು. ಸಂಕೋಚವೇ ಇದಕ್ಕೆ ಕಾರಣ. ಮೈ ಬಿಳಿಚಿಕೊಂಡು, ಮೆಟ್ಟಿಲೇರಿದರೆ ಏದುಸಿರು ಬರುವಂತಾದ ಮೇಲೆ ವೈದ್ಯರಲ್ಲಿಗೆ ಕರೆದೊಯ್ದೆವು. ನಳಿಕೆಯನ್ನು ಹಾಯಿಸಿ ನೋಡಿದಾಗ ದೊಡ್ಡ ಕರುಳಿನಲ್ಲಿ ಅರ್ಬುದವು ಕಂಡಿತು. ಅಷ್ಟರಲ್ಲಿ ಅದು ಯಕೃತ್ತಿಗೂ ಹಬ್ಬಿತ್ತು. ಅವರು ತೀರಿಕೊಂಡು ಈಗ್ಗೆ ಎರಡು ವರ್ಷಗಳಾದುವು. ಕಣ್ಣಿಗೆ ಕಾಣದ ರೋಗಕ್ಕೆ ನಾವಾಗಿಯೇ ಹೆಸರಿಡುವ ಅಭ್ಯಾಸವು ನಮ್ಮ ಮನೆಗಳಲ್ಲಿ ಬಹಳ. ಆದುದರಿಂದ ಒಳಗನ್ನು ನೋಡುವ ಉಪಾಯಗಳ ವಿಷಯದಲ್ಲಿ ನಾನು ತಿಳಿದುಕೊಂಡಷ್ಟನ್ನು ವಾಚಕರ ಮುಂದಿಡುತ್ತೇನೆ.

ಈ ಪರೀಕ್ಷೆಗೆ ಎಂಡೋಸ್ಕೋಪಿಯೆಂದು ಹೆಸರು. ಗ್ರೀಕ್ ಭಾಷೆಯ ಈ ಮಾತಿಗೆ ಒಳಗೆ ನೋಡುವುದೆಂದರ್ಥ, ನಾವು ಅಂತರ್ದರ್ಶನವೆನ್ನಬಹುದು. ನಮ್ಮ ಹಿರಿಯರಿಗೂ ಈ ಯೋಚನೆ ಹೊಳೆಯದಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಎಣಿಸಿರುವ 101 ಯಂತ್ರಗಳಲ್ಲಿ 20 ನಾಡೀಯಂತ್ರಗಳು, ಎಂದರೆ ಕೊಳವೆಗಳು. ರೋಗವನ್ನು ನೋಡುವುದೂ ಅವುಗಳ ಪ್ರಯೋಜನಗಳಲ್ಲೊಂದೆಂದು ಅಲ್ಲಿ ಹೇಳಿದೆ. ಆದರೆ ಅರ್ಶೋರೋಗಕ್ಕೆ ಹೇಳಿದ ಯಂತ್ರದ ಉದ್ದವು ನಾಲ್ಕೇ ಅಂಗುಲ. ಅದರಿಂದಾಚೆಗೆ ದೃಷ್ಟಿ ಹೋಗಲು ಬಹುಕಾಲ ಬೇಕಾಯಿತು. 1868ರಲ್ಲಿ ಜರ್ಮನಿಯ ಕುಸ್ಮಾಲ್ ಎಂಬ ವೈದ್ಯನು ಕತ್ತಿ ನುಂಗುವ ಆಟಗಾರನೊಬ್ಬನ ಗಂಟಲಿನಲ್ಲಿ ನೆಟ್ಟನೆಯ ಲೋಹದ ಕೊಳವೆಯನ್ನಿಳಿಸಿದನು. ಇತರರು ಅದನ್ನು ಹೇಗೆ ನುಂಗಿಯಾರು? ಅಮೆರಿಕದಲ್ಲಿ ಹಿರ್ಷೋವಿಟ್ಸ್ ಎಂಬವನು ಗಾಜಿನ ಎಳೆಗಳ ಮೂಲಕ ಬೆಳಕನ್ನು ಸಾಗಿಸಿ, ಬಾಗುವ ನಳಿಕೆಯನ್ನು ಸಿದ್ಧಪಡಿಸಿ, 1957ರಲ್ಲಿ ಮೊದಲು ತಾನೇ ನುಂಗಿ ನೋಡಿದನು. ಈಗ ನಳಿಕೆಯ ತುದಿಯಲ್ಲಿಯೇ ಪುಟ್ಟ ಕ್ಯಾಮರಾ ಇರುತ್ತದೆ.

ಬಾಯಿಯಿಂದ ಇಳಿಸುವ ನಳಿಕೆಯು ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಭಾಗ ಇಷ್ಟನ್ನು ತೋರಿಸುತ್ತದೆ. ಆರೆಂಟು ಗಂಟೆಗಳ ಉಪವಾಸವಿದ್ದು, ಗಂಟಲಿಗೆ ಜೋಮು ಹಿಡಿಸುವ ಔಷಧವನ್ನು ಸಿಂಪಡಿಸಿಕೊಂಡರೆ ಕೆಲವೇ ನಿಮಿಷಗಳ ಕೆಲಸ. ನುಂಗಲು ತೊಡಕು, ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ ಇವು ಕಂಡಲ್ಲಿ ಇದು ಅವಶ್ಯ. ನಳಿಕೆಯಿಂದಲೇ ಚೂರು ಮಾಂಸವನ್ನು ಚಿವುಟಿ ತೆಗೆದು ಪರೀಕ್ಷಿಸಬಹುದು. ಜಠರದ ಹುಣ್ಣಿಗೆ ಖಾರವೂ ಚಿಂತೆಯೂ ಕಾರಣವೆಂದು ನಾವು ಹೇಳುತ್ತಿದ್ದೆವಷ್ಟೆ? ಅನೇಕರಲ್ಲಿ ಒಂದು ಕ್ರಿಮಿಯೇ ಕಾರಣವೆಂಬುದನ್ನು ಆಸ್ಟ್ರೇಲಿಯದ ವಾರನ್ ಮತ್ತು ಮಾರ್ಷಲ್ ಎಂಬವರು ಇಂತಹ ಚೂರುಗಳನ್ನು ಶೋಧಿಸಿಯೇ ಕಂಡುಕೊಂಡರು. 2005ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಆದರೆ ಈ ನಳಿಕೆಗೆ ದೊಡ್ಡ ಕರುಳು ಕಾಣದು. ಮೇಲಿನ ಪರೀಕ್ಷೆಯಲ್ಲಿ ದೋಷವಿಲ್ಲವೆಂದರೆ ಹೊಟ್ಟೆಯೆಲ್ಲವೂ ನಿರ್ದೋಷವೆಂದು ತಿಳಿಯುವವರುಂಟು; ಅದು ತಪ್ಪು. ಸುಮಾರು ಐದು ಅಡಿ ಉದ್ದದ ದೊಡ್ಡ ಕರುಳನ್ನು ಗುದದ್ವಾರದಿಂದ ನೋಡುವುದೇ ಕೊಲೊನೋಸ್ಕೋಪಿ. ಅಲ್ಲಿ ಪಾಲಿಪ್ ಎಂಬ ಮಾಂಸಾಂಕುರಗಳು ಬೆಳೆಯುವುದುಂಟು; ಅವುಗಳಲ್ಲಿ ಕೆಲವು ವರ್ಷಾಂತರದಲ್ಲಿ ಅರ್ಬುದವಾಗುತ್ತವೆ. ಕಂಡೊಡನೆ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯಬಹುದು. ಕರುಳಿಗೆ ತೂತು ಬೀಳುವುದೂ ರಕ್ತ ಸುರಿಯುವುದೂ ಅಪರೂಪವಾಗಿ ಉಂಟು. ರಕ್ತವನ್ನು ತೆಳುಮಾಡುವ ಗುಳಿಗೆ ಸೇವಿಸುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ನಡುವಣ ಸಣ್ಣ ಕರುಳು ಸುಮಾರು ಇಪ್ಪತ್ತು ಅಡಿ. ಅದನ್ನು ನೋಡಲು 2001ರಿಂದ ನುಂಗುವ ಕ್ಯಾಮರಾ ಗುಳಿಗೆಯು ಬಳಕೆಗೆ ಬಂದಿದೆ. ಅದು ಚಿತ್ರಗಳನ್ನು ತೆಗೆಯುತ್ತ ಸಾಗಿ ಮಲದೊಡನೆ ಹೊರಬೀಳುತ್ತದೆ; ಚೂರನ್ನು ಚಿವುಟಲಾರದು, ಕರುಳು ಎಲ್ಲಿಯಾದರೂ ಕಿರಿದಾಗಿದ್ದರೆ ಸಿಕ್ಕಿಕೊಳ್ಳಲೂಬಹುದು. ಪಿತ್ತನಾಳಕ್ಕೆ ಈಆರ್‌ಸಿಪಿ ಎಂಬ ಬೇರೆ ವಿಧಾನವುಂಟು. ಅದರಿಂದ ಮೇದೋಜೀರಕ ಗ್ರಂಥಿಗೆ ಉರಿಯೂತದ ಭಯವಿರುವುದರಿಂದ, ಈಗ ಹೆಚ್ಚಾಗಿ ಕಲ್ಲು ತೆಗೆಯುವಂತಹ ಚಿಕಿತ್ಸೆಗೇ ಅದನ್ನು ಬಳಸುತ್ತಾರೆ.

ಅಣ್ಣನವರಿಗೆ ಅರ್ಬುದವಿದ್ದುದರಿಂದ ಒಡಹುಟ್ಟಿದವರೂ ನೋಡಿಸಿಕೊಳ್ಳಬೇಕೆಂದು ವೈದ್ಯರು ಹೇಳಿದರು. ನಾನು ಒಪ್ಪಿದೆನು. ಕರುಳನ್ನು ಶುದ್ಧಿಮಾಡಲು ಹಿಂದಿನ ಸಂಜೆಯಿಂದ ಲೀಟರುಗಟ್ಟಲೆ ಉಪ್ಪುಪ್ಪಾದ ನೀರನ್ನು ಕುಡಿಸುತ್ತಾರೆ. ಆ ರಾತ್ರಿಯ ವರ್ಣನೆ ಶಿಷ್ಟಾಚಾರಕ್ಕೆ ಒಗ್ಗದು. ಪರೀಕ್ಷೆಯೇನೋ ನಿದ್ರೆಯಲ್ಲಿಯೇ ಮುಗಿಯಿತು. ಎರಡು ಪಾಲಿಪ್‌ಗಳನ್ನು ತೆಗೆದರು, ಎರಡೂ ನಿರಪಾಯವಾದುವು. ಮೂರು ವರ್ಷಗಳ ಬಳಿಕ ಮತ್ತೆ ಬರಬೇಕೆಂದು ಬರೆದುಕೊಟ್ಟ ಚೀಟಿಯನ್ನು ಪಂಚಾಂಗದೊಳಗೆ ಇಟ್ಟಿದ್ದೇನೆ. ನನ್ನ ತಮ್ಮನು ಮಾತ್ರ ತನಗೇನೂ ಇಲ್ಲವೆನ್ನುತ್ತಾನೆ. ಬರುವ ಭಾನುವಾರ ಅವನ ಮನೆಗೆ ಹೋಗುವವನಿದ್ದೇನೆ.