ತಬ್ಬಲಿಗಳ ಒಕ್ಕಲು

ಆಫ್ರಿಕಾ ಖಂಡದ ದಕ್ಷಿಣಭಾಗದಲ್ಲಿ ಜಾಂಬಿಯಾ ಎಂಬ ದೇಶವುಂಟು. ಅದರ ಉತ್ತರದಲ್ಲಿ, ತಾಮ್ರದ ಗಣಿಗಳಿಗೆ ಹೆಸರಾದ ಚಿಂಗೋಲಾ ಪಟ್ಟಣದಿಂದ ಹಲವು ಹರದಾರಿಗಳಾಚೆ, ಕಾಫ್ಯೂ ನದಿಯ ಬಳಿಯಲ್ಲಿ ಚಿಂಫುನ್ಶಿ ಎಂಬ ಸ್ಥಳವಿದೆ. ಮೊದಲು ಅದು ದನಗಳನ್ನು ಮೇಯಿಸುವ ಜಮೀನಾಗಿತ್ತು; ವಿಸ್ತಾರ ಸುಮಾರು ೧೦,೦೦೦ ಎಕರೆ. ಡೇವಿಡ್ ಸಿಡ್ಲ್ ಮತ್ತು ಶೀಲಾ ಸಿಡ್ಲ್ ಎಂಬ ಆಂಗ್ಲ ದಂಪತಿಗಳು ಅಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ೧೯೮೩ನೆಯ ಇಸವಿಯಲ್ಲಿ ಕಾಡಿನ ಕಾವಲುಗಾರನೊಬ್ಬನು ಅವರ ಮನೆಬಾಗಿಲಿಗೆ ಒಂದು ಚಿಂಪಾಂಜಿಯ ಮರಿಯನ್ನು ತಂದನು. ಕಳ್ಳಬೇಟೆಗಾರರ ಕೈಯಿಂದ ಬಿಡಿಸಿದ ಮರಿ ಅದು. ಮುಖದ ಮೇಲೆ ದೊಡ್ಡ ಗಾಯವಾಗಿತ್ತು. ಬದುಕುವ ನಂಬಿಕೆ ಯಾರಿಗೂ ಇರಲಿಲ್ಲ. ದಂಪತಿಗಳು ಅದಕ್ಕೆ ಪಾಲ್ ಎಂದು ಹೆಸರಿಟ್ಟು, ಹಗಲಿರುಳು ಶುಶ್ರೂಷೆ ಮಾಡಿದರು. ಮರಿ ಬದುಕಿಕೊಂಡಿತು.

ಆ ಸುದ್ದಿ ಹರಡಿದ್ದೇ ತಡ, ಮತ್ತೊಂದು ಮರಿ ಬಂದಿತು, ಆಮೇಲೆ ಇನ್ನೊಂದು. ದನದ ಹಟ್ಟಿ ಕ್ರಮೇಣ ತಬ್ಬಲಿ ಚಿಂಪಾಂಜಿಗಳ ಆಶ್ರಮವಾಗಿ ಮಾರ್ಪಟ್ಟಿತು. ಇಂದು ಅಲ್ಲಿ ನೂರಕ್ಕೂ ಹೆಚ್ಚು ಚಿಂಪಾಂಜಿಗಳು ವಾಸವಾಗಿವೆ. ನಡುವೆ ೧೯೯೨ರಲ್ಲಿ ತಾಯಿಯಿಲ್ಲದ ನೀರ್ಗುದುರೆಯ ಮರಿಯೊಂದು ಬಂದು ಸೇರಿ, ಸೀಸೆಯ ಹಾಲು ಕುಡಿದು ಬೆಳೆದು, ಆನೆಯ ಗಾತ್ರಕ್ಕೆ ತುಸು ಕಡಿಮೆಯಾದ ಮೇಲೂ ಮನೆಯ ಹೊಸ್ತಿಲನ್ನು ಬಿಡಲೊಲ್ಲದೆ ಇದ್ದಿತಂತೆ. ಗೃಹಿಣಿಯಾದ ಶೀಲಾ ಅಮ್ಮನವರ ತಾಳ್ಮೆ ಎಷ್ಟು ದೊಡ್ಡದಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಚಿಂಪಾಂಜಿಯೆಂದರೆ ಕೋತಿಯಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಅದಕ್ಕೆ ಬಾಲವಿಲ್ಲ. ಗೊರಿಲ್ಲ, ಒರಾಂಗುಟಾನ್, ಗಿಬ್ಬನ್‌ಗಳು ಸೇರಿದ ವರ್ಗ ಅದರದು. ನಮ್ಮ ದೇಶದ ಕಾಡುಗಳಲ್ಲಿ ಈ ವರ್ಗದ ಪ್ರತಿನಿಧಿ ಅಸ್ಸಾಮಿನ ಕಡೆಯ ಹೂಲಾಕ್ ಗಿಬ್ಬನ್ ಮಾತ್ರ. ಮೈಸೂರಿನ ಮೃಗಾಲಯದಲ್ಲಿ ಚಿಂಪಾಂಜಿಯನ್ನು ಕಂಡವರು ಅದರ ದೃಷ್ಟಿಯನ್ನು ಮರೆತಿರಲಾರರು. ವಾನರ ಶಬ್ದವನ್ನು ‘ವಾ ನರಃ’ ಎಂದು ಬಿಡಿಸಿ, ‘ಇವನೇನು ನರನೋ?’ ಎಂದು ಅರ್ಥ ಹೇಳುವ ವಾಡಿಕೆ ನಮ್ಮ ಪಂಡಿತರಲ್ಲಿದೆ. ವ್ಯಾಕರಣದ ಮುಂದೆ ಈ ಬಿಡಿಕೆ ನಿಲ್ಲುವುದು ಕಷ್ಟ. ಚಿಂಪಾಂಜಿಯ ಮುಂದೆ ಮಾತ್ರ ಚೆನ್ನಾಗಿಯೇ ನಿಲ್ಲುತ್ತದೆ.

ಜಾಂಬಿಯಾ ದೇಶದ ಕಾಡುಗಳಲ್ಲಿ ಚಿಂಪಾಂಜಿಗಳಿಲ್ಲ. ಹಾಗಾದರೆ ಇವು ಎಲ್ಲಿಂದ ಬಂದವು? ಬಹುಮಟ್ಟಿಗೆ ನೆರೆಯ ಕಾಂಗೋ ದೇಶದಿಂದ, ಕಳ್ಳಸಾಗಣೆಯವರ ಕೈಸೇರಿ ಬಂದವು. ಕೆಲವು ದೂರದೇಶಗಳ ಮೃಗಾಲಯಗಳಿಂದ, ಸರ್ಕಸ್ಸುಗಳಿಂದ, ಶ್ರೀಮಂತರ ಮನೆಗಳಿಂದ ಬಂದವು. ಮರಿಯನ್ನು ಮಾರುವವನು ಅದನ್ನು ತಾಯಿಯ ಮಡಿಲಿನಿಂದ ಬೇಡಿ ತರುವುದಿಲ್ಲ. ಚಿಂಪಾಂಜಿಯ ತಾಯಿ ಪ್ರಾಣವಿರುವತನಕ ಮರಿಯನ್ನು ಬಿಟ್ಟುಕೊಡುವುದಿಲ್ಲವಾಗಿ, ತಾಯಿಯನ್ನು ಕೊಂದೇ ಮರಿಯನ್ನು ಕೀಳಬೇಕು. ಅಡ್ಡಬಂದ ಬಂಧುಗಳನ್ನೂ ಕೊಲ್ಲಬೇಕು. ತಾಯಿಯ ಮಾಂಸ ಸಂತೆಗೆ ಹೋಗುತ್ತದೆ, ಮರಿ ಬುಟ್ಟಿಗೆ ಬೀಳುತ್ತದೆ. ಚಿಂಫುನ್ಶಿಗೆ ಹೀಗೆ ಬಂದ ಒಂದೊಂದು ಮರಿಯ ಹಿಂದೆಯೂ ಕಾಡಿನಲ್ಲಿ ಒಂದು ಹೆಣವಾದರೂ ಇರುತ್ತದೆಂದು ತಿಳಿಯತಕ್ಕದ್ದು.

ಕಾಡಿನಲ್ಲಿ ಈ ಮರಿ ನಾಲ್ಕೈದು ವರ್ಷಗಳ ಕಾಲ ತಾಯಿಯ ಹಾಲು ಕುಡಿಯುತ್ತದೆ. ಮೊಲೆ ಬಿಟ್ಟಮೇಲೂ ಕೆಲವು ವರ್ಷ ಅವಳ ಬೆನ್ನು ಬಿಡುವುದಿಲ್ಲ. ಯಾವ ಹಣ್ಣು ಎಂದು ಪಕ್ವವಾಗುವುದು, ಯಾವ ಸೊಪ್ಪು ತಿನ್ನಬಾರದು, ಕೊಂಬೆಗಳನ್ನು ಬಗ್ಗಿಸಿ ಹಾಸಿಗೆ ಹೆಣೆಯುವುದು ಹೇಗೆ, ಯಾರಿಗೆ ತಲೆಬಾಗಬೇಕು, ಯಾರೊಡನೆ ಆಟವಾಡಬಹುದು, ಇವೆಲ್ಲವೂ ಆ ಗುರುಕುಲವಾಸದ ಪಾಠಗಳು. ತಾಯಿ ಬಾಯಿಬಿಟ್ಟು ಕಲಿಸುವುದಿಲ್ಲ. ಮರಿ ನೋಡಿ ಕಲಿಯುತ್ತದೆ. ಗುಂಡೇಟಿಗೆ ತಾಯಿಯೊಡನೆ ಪಾಠಶಾಲೆಯೂ ಬಿದ್ದುಹೋಗುತ್ತದೆ. ಸಿಡ್ಲ್ ದಂಪತಿಗಳು ಹಾಲು ಕೊಟ್ಟರು, ಔಷಧ ಕೊಟ್ಟರು, ಮನೆಯನ್ನೇ ಬಿಟ್ಟುಕೊಟ್ಟರು. ಆದರೆ ಚಿಂಪಾಂಜಿಯಾಗಿ ಬಾಳುವುದನ್ನು ಮನುಷ್ಯರು ಹೇಗೆ ಕಲಿಸಿಯಾರು? ಇದಕ್ಕೆ ಅವರು ಕಂಡುಕೊಂಡ ಉಪಾಯ ಒಂದೇ: ತಬ್ಬಲಿಗಳನ್ನು ತಬ್ಬಲಿಗಳೊಡನೆ ಕೂಡಿಸುವುದು, ಬೇಲಿ ಹಾಕಿದ ಕಾಡಿನಲ್ಲಿ ಅವುಗಳನ್ನು ಅವುಗಳ ಪಾಡಿಗೆ ಬಿಡುವುದು.

ಮಿಲ್ಲಾ ಎಂಬ ಹೆಣ್ಣು ಚಿಂಪಾಂಜಿಯ ಕಥೆಯಿಂದ ಈ ಕೆಲಸದ ಕಷ್ಟ ಗೊತ್ತಾಗುತ್ತದೆ. ಅವಳು ತಾಂಜಾನಿಯಾ ದೇಶದ ಒಂದು ಪಾನಗೃಹದಲ್ಲಿ ಬೆಳೆದವಳು. ಗಿರಾಕಿಗಳು ವಿನೋದಕ್ಕಾಗಿ ಅವಳಿಗೆ ಬೀರು ಕುಡಿಸುವುದನ್ನೂ ಸಿಗರೇಟು ಸೇದಿಸುವುದನ್ನೂ ಅಭ್ಯಾಸ ಮಾಡಿಸಿದ್ದರು. ಸ್ವಜಾತಿಯ ಸಹವಾಸ ಅವಳಿಗಿರಲಿಲ್ಲ. ಚಿಂಪಾಂಜಿಗಳ ಅಧ್ಯಯನದಲ್ಲಿ ಲೋಕಪ್ರಸಿದ್ಧರಾದ ಜೇನ್ ಗುಡಾಲ್ ಅವರು ೧೯೯೦ರಲ್ಲಿ ಅವಳನ್ನು ಬಿಡಿಸಿ ಚಿಂಫುನ್ಶಿಗೆ ತಂದರು. ಪ್ರಾಯ ಬಂದ ಮೇಲೆ ಅಕ್ಷರಾಭ್ಯಾಸಕ್ಕೆ ಕುಳಿತವರಂತೆ ಅವಳು ತನ್ನ ಜಾತಿಯ ನಡೆನುಡಿಗಳನ್ನು ಮೊದಲಿನಿಂದ ಕಲಿಯಬೇಕಾಯಿತು.

ಈಗ ಅಲ್ಲಿಯ ದಿನಚರಿಯನ್ನು ನೋಡೋಣ. ದೊಡ್ಡ ಆವರಣಗಳಲ್ಲಿ ಗುಂಪುಗುಂಪಾಗಿ ವಾಸ. ದೊಡ್ಡದಾದ ಒಂದೊಂದು ಆವರಣವು ನೂರೈವತ್ತು ಎಕರೆಗೂ ಮೀರಿದ ಕಾಡು. ಸುತ್ತಲೂ ವಿದ್ಯುತ್ತಿನ ಬೇಲಿ. ರಾತ್ರಿ ಯಾರೂ ಅವುಗಳನ್ನು ಕೋಣೆಗೆ ಕೂಡುವುದಿಲ್ಲ. ಸಂಜೆಯಾಗುತ್ತಲೂ ಒಂದೊಂದೂ ಮರವೇರಿ, ಎಲೆಗೊಂಬೆಗಳನ್ನು ಮಡಿಸಿ ತುಳಿದು ಹಾಸಿಗೆ ಮಾಡಿಕೊಳ್ಳುತ್ತದೆ. ನಿನ್ನೆಯ ಹಾಸಿಗೆ ಇಂದಿಗೆ ಸಾಮಾನ್ಯವಾಗಿ ಒದಗುವುದಿಲ್ಲ, ದಿನವೂ ಹೊಸದೇ ಆಗಬೇಕು. ಬೆಳಗಾದ ಮೇಲೆ ಇಳಿದು, ಹಣ್ಣು ಚಿಗುರುಗಳನ್ನು ಹುಡುಕುತ್ತ ಅಲೆಯುತ್ತವೆ. ಬಿಸಿಲೇರಿದಾಗ ನೆರಳಿನಲ್ಲಿ ಕುಳಿತು ಒಂದರ ಕೂದಲನ್ನು ಮತ್ತೊಂದು ಬಿಡಿಸಿ ಬಿಡಿಸಿ ಶುಚಿ ಮಾಡುತ್ತದೆ. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಮಧ್ಯಾಹ್ನದ ಹೊತ್ತು ಜಗುಲಿಯ ಮೇಲೆ ತಲೆ ಬಾಚಿಸಿಕೊಳ್ಳುತ್ತ ಕುಳಿತುಕೊಳ್ಳುವರಲ್ಲವೆ, ಇದೂ ಹೆಚ್ಚುಕಡಿಮೆ ಅದೇ. ಹೇನಿಗಿಂತ ಅಲ್ಲಿ ಸ್ನೇಹವೇ ಮುಖ್ಯ.

ಮಧ್ಯಾಹ್ನಕ್ಕೆ ಸರಿಯಾಗಿ ಸೇವಕರು ಊಟದ ಮನೆಗೆ ಕರೆಯುತ್ತಾರೆ. ಆಗ ಕಾಡಿನೊಳಗಿಂದ ಹೂಹೂಕಾರವೆದ್ದು, ಅದು ಕ್ರಮವಾಗಿ ಏರಿ ಅರಚಾಟವಾಗುತ್ತದೆ. ಹಣ್ಣು, ತರಕಾರಿಗಳಲ್ಲದೆ ಜೋಳದ ಹಿಟ್ಟನ್ನು ಬೇಯಿಸಿ ಕಟ್ಟಿದ ಉಂಡೆಗಳನ್ನು ಅವುಗಳಿಗೆ ಕೊಡುತ್ತಾರೆ. ಇದಕ್ಕೆ ಅಲ್ಲಿಯ ಜನ ನ್ಶಿಮಾ ಎನ್ನುತ್ತಾರೆ. ಅದು ಆ ದೇಶದವರ ನಿತ್ಯಾಹಾರ. ನಾವು ನೋಡಿದರೆ ಮುದ್ದೆಯೆಂದೇ ಹೇಳುವೆವು, ಬಣ್ಣ ಮಾತ್ರ ಬಿಳುಪು. ಊಟದ ಹೊತ್ತಿನಲ್ಲಿ ಒಂದೊಂದರ ಮೈಯನ್ನೂ ನೋಡಿ, ಗಾಯವಿದೆಯೆ, ಕೆಮ್ಮಿದೆಯೆ, ಮಂಕಾಗಿದೆಯೆ ಎಂದು ವಿಚಾರಿಸುವುದು ಸೇವಕರ ಕೆಲಸ. ಮನುಷ್ಯನಿಗೆ ಬರುವ ನೆಗಡಿ ಕೆಮ್ಮುಗಳು ಚಿಂಪಾಂಜಿಗೂ ಅಂಟಿಕೊಳ್ಳುವುದರಿಂದ ಈ ಎಚ್ಚರ ಅತ್ಯವಶ್ಯ.

ಶಾಂತಿಯೇ ಅವುಗಳ ಸ್ವಭಾವವೆಂದು ಯಾರೂ ಭಾವಿಸಬಾರದು. ಗುಂಪಿನ ಯಜಮಾನನಿಗೆ ಕೋಪ ಬಂದಾಗ ಮೈಯ ಕೂದಲೆಲ್ಲ ನಿಮಿರುತ್ತದೆ; ಕೊಂಬೆಯನ್ನು ಎಳೆದಾಡಿ, ನೆಲವನ್ನು ಬಡಿದು ಆರ್ಭಟಿಸುತ್ತಾನೆ. ಕಿರಿಯರು ಗುರುಗುಟ್ಟುತ್ತ ಬಾಗಿ ಬಂದು ವಿಧೇಯತೆಯನ್ನು ತೋರಬೇಕು. ಹೊಡೆದಾಟದಲ್ಲಿ ಬೆರಳು ಕಿವಿಗಳು ಹರಿಯುವುದೂ ಉಂಟು. ಆದರೆ ಜಗಳವಾಡಿದವರು ಸ್ವಲ್ಪ ಹೊತ್ತಿಗೆ ಕೈ ಚಾಚಿ, ಅಪ್ಪಿಕೊಂಡು, ಮುತ್ತಿಟ್ಟು ರಾಜಿಯಾಗುವುದನ್ನೂ ಕಾಣಬಹುದು. ನಮ್ಮ ಅನೇಕ ದಾಯಾದಿಗಳಿಗೆ ಮೂರು ತಲೆಮಾರಾದರೂ ಸಾಧ್ಯವಾಗದ್ದು ಅವುಗಳಿಗೆ ಒಂದು ಗಳಿಗೆಯಲ್ಲಿ ಆಗುತ್ತದೆ!

ಇಷ್ಟು ಚೆನ್ನಾಗಿ ಬಾಳುವುದಾದರೆ ಕಾಡಿಗೇ ಏಕೆ ಬಿಡಬಾರದೆಂದು ಕೇಳುವವರುಂಟು. ಕಾಂಗೋ ಗಣರಾಜ್ಯದ ಕೊಂಕ್ವಾಟಿ ಎಂಬಲ್ಲಿ ೧೯೯೬ರಿಂದ ಅಂಥ ಪ್ರಯತ್ನ ನಡೆದದ್ದೂ ಉಂಟು. ಆದರೆ ಚಿಂಪಾಂಜಿಗಳಿರುವ ಕಾಡೆಲ್ಲವೂ ಒಂದಲ್ಲ ಒಂದು ಗುಂಪಿನ ಸೀಮೆ; ಪರಕೀಯನಾದ ಗಂಡು ಕಾಲಿಟ್ಟರೆ ಅಲ್ಲಿಯ ಗಂಡುಗಳು ಕೂಡಿ ಕೊಲ್ಲಬಹುದು. ಮೇಲಾಗಿ ಮನುಷ್ಯರ ಕೈಯಲ್ಲಿ ಬೆಳೆದ ಪ್ರಾಣಿಗೆ ಮನುಷ್ಯನ ಭಯವಿರುವುದಿಲ್ಲ. ಹಣ್ಣಿಗಾಗಿ ನೇರವಾಗಿ ಹಳ್ಳಿಗೆ ನುಗ್ಗೀತು, ಇಲ್ಲವೆ ಬೇಟೆಗಾರನ ಬಳಿಗೇ ಹೋದೀತು. ಆದುದರಿಂದ ಬಹುಪಾಲು ತಬ್ಬಲಿಗಳಿಗೆ ಬೇಲಿಯೊಳಗಿನ ಕಾಡೇ ಕೊನೆಯವರೆಗಿನ ಮನೆ. ಆಯುಸ್ಸೋ, ಆರೈಕೆಯಿದ್ದರೆ ಐವತ್ತು ವರ್ಷಕ್ಕೂ ಮೀರುತ್ತದೆ. ಡೇವಿಡ್ ಸಿಡ್ಲ್ ಅವರು ೨೦೦೬ರಲ್ಲಿ ತೀರಿಕೊಂಡರು. ಮರಿಯನ್ನು ಮನೆಗೆ ತರುವುದು ಒಂದು ದಿನದ ದಯೆ. ಅದಕ್ಕೆ ಮುದ್ದೆ ಹಾಕುವುದು ಎರಡು ತಲೆಮಾರಿನ ಸಾಲ.

ತಾಯಿಯಿಂದ ಕಲಿಯಲಾರದೆ ಹೋದವು ಒಂದರಿಂದೊಂದು ಏನನ್ನು ಕಲಿತವು? ಚಿಂಫುನ್ಶಿಯ ಅತ್ಯಂತ ಸ್ವಾರಸ್ಯವಾದ ಸಂಗತಿ ಇದು. ಅಲ್ಲಿಯ ಗುಂಪುಗಳಿಗೆ ಒಂದೇ ಬಗೆಯ ಕಾಡು, ಒಂದೇ ಬಗೆಯ ಊಟ. ಹೀಗಿದ್ದರೂ ಒಂದೊಂದು ಗುಂಪಿನ ಆಚಾರ ಒಂದೊಂದು ಬಗೆ. ಎರಡು ಚಿಂಪಾಂಜಿಗಳು ಎದುರುಬದುರಾಗಿ ಕುಳಿತು, ಒಂದೊಂದು ತೋಳನ್ನು ಮೇಲೆತ್ತಿ ಕೂಡಿಸಿಕೊಂಡು, ಇನ್ನೊಂದು ಕೈಯಿಂದ ಪರಸ್ಪರರ ಕಂಕುಳ ಕೂದಲನ್ನು ಬಿಡಿಸುವ ಒಂದು ಪದ್ಧತಿಯುಂಟು. ಎಡ್ವಿನ್ ವಾನ್ ಲೀವನ್ ಎಂಬ ವಿದ್ವಾಂಸರೂ ಅವರ ಜೊತೆಗಾರರೂ ಇದನ್ನು ಕೂಲಂಕಷವಾಗಿ ಪರೀಕ್ಷಿಸಿ ೨೦೧೨ರಲ್ಲಿ ಪ್ರಕಟಿಸಿದರು. ಕೆಲವು ಗುಂಪುಗಳಲ್ಲಿ ಮಾತ್ರ ಈ ಪದ್ಧತಿ ರೂಢಿಯಲ್ಲಿದೆ. ರೂಢಿಯಿರುವಲ್ಲಿಯೂ ಒಂದು ಗುಂಪಿನವರು ಅಂಗೈಗೆ ಅಂಗೈ ಹಿಡಿಯುವುದು ಹೆಚ್ಚು, ಮತ್ತೊಂದು ಗುಂಪಿನವರು ಮಣಿಕಟ್ಟಿಗೆ ಮಣಿಕಟ್ಟು ತಾಗಿಸುವುದು ಹೆಚ್ಚು. ಅವರು ೨೦೧೮ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನದಲ್ಲಿ, ಒಡನಾಡಿಗಳನ್ನು ಸಹಿಸಿಕೊಳ್ಳುವ ಗುಣದಲ್ಲಿಯೂ ಗುಂಪುಗುಂಪಿಗೆ ಭೇದವಿರುವುದು ಕಂಡುಬಂದಿತು. ಮನೆಮನೆಯ ರೀತಿ ಬೇರೆಯೆಂದು ನಮ್ಮಲ್ಲಿ ಸೊಸೆಯಂದಿರಿಗೆ ಹೇಳುತ್ತೇವಷ್ಟೆ.

ಒಂದು ಪ್ರಯೋಗವಂತೂ ಉಪಾಧ್ಯಾಯವೃತ್ತಿಯವನಾದ ನನಗೆ ಬಹಳ ಹಿಡಿಸಿತು. ಒಂದು ಪೆಟ್ಟಿಗೆಯನ್ನು ಆವರಣದಲ್ಲಿ ಇರಿಸಿದರು. ಮರದ ಗುಂಡನ್ನು ತಂದು, ಪೆಟ್ಟಿಗೆಯ ಖಾನೆಯನ್ನು ಎಳೆದು ಹಿಡಿದುಕೊಂಡೇ ಇದ್ದು, ಗುಂಡನ್ನು ಒಳಗಿಟ್ಟು, ಖಾನೆಯನ್ನು ಮುಚ್ಚಬೇಕು. ಆಗ ಕಡಲೆಕಾಯಿ ದೊರೆಯುತ್ತದೆ. ಎರಡು ಗುಂಪುಗಳ ೬೬ ಚಿಂಪಾಂಜಿಗಳಲ್ಲಿ ಮೂರು ತಿಂಗಳಾದರೂ ಒಂದಕ್ಕೂ ಈ ಗುಟ್ಟು ಹೊಳೆಯಲಿಲ್ಲ. ಬಳಿಕ ಗುಂಪಿಗೆ ಒಂದರಂತೆ ಆರಿಸಿ ಕಲಿಸಿಕೊಟ್ಟು, ತಮ್ಮವರ ನಡುವೆ ಬಿಟ್ಟರು. ಎರಡು ತಿಂಗಳಲ್ಲಿ ೧೪ ಚಿಂಪಾಂಜಿಗಳು ಕಲಿತುಬಿಟ್ಟವು. ಇದು ೨೦೨೪ರಲ್ಲಿ ಪ್ರಕಟವಾಯಿತು. ಅರವತ್ತಾರರಲ್ಲಿ ಹದಿನಾಲ್ಕೆಂದರೆ ಕಡಿಮೆಯೆಂದು ಕೆಲವರು ಹೇಳಬಹುದು. ಬೆತ್ತವಿಲ್ಲದೆ, ಉಪನ್ಯಾಸವಿಲ್ಲದೆ, ಹಾಜರಿಪುಸ್ತಕವಿಲ್ಲದೆ ಎರಡು ತಿಂಗಳಲ್ಲಿ ಬಂದ ಫಲ ಅದೆಂಬುದನ್ನು ಅವರು ನೆನೆಯಬೇಕು.

ಮರಣದ ವಿಷಯದಲ್ಲಿ ಅವುಗಳಿಗೆ ಏನು ತಿಳಿದಿದೆಯೋ ಹೇಳುವುದು ಕಷ್ಟ. ನೋಡಿದುದನ್ನು ಮಾತ್ರ ಹೇಳಬಹುದು. ಒಬ್ಬ ತಾಯಿಯ ಹದಿನಾರು ತಿಂಗಳ ಕೂಸು ತೀರಿಹೋಯಿತು. ಅವಳು ಒಂದು ದಿನಕ್ಕೂ ಹೆಚ್ಚು ಕಾಲ ಅದನ್ನು ಹೊತ್ತು ತಿರುಗಿದಳು. ಆಮೇಲೆ ಬಯಲಿನಲ್ಲಿ ಮಲಗಿಸಿ, ದೂರ ಹೋಗುವಳು, ಮತ್ತೆ ಬರುವಳು, ಬೆರಳಿನಿಂದ ಕೂಸಿನ ಮುಖವನ್ನೂ ಕೊರಳನ್ನೂ ಮುಟ್ಟಿ ನೋಡುವಳು. ಹೀಗೆ ಸುಮಾರು ಒಂದು ಗಂಟೆಯ ಕಾಲ. ಕಡೆಗೆ ಕೂಸನ್ನು ಎತ್ತಿಕೊಂಡು ಹೋಗಿ ತನ್ನವರ ನಡುವೆ ಇಟ್ಟು, ಅವರು ಪರೀಕ್ಷಿಸುವುದನ್ನು ನೋಡುತ್ತ ಕುಳಿತಳು. ಮರುದಿನ ಅವಳ ಕೈಯಲ್ಲಿ ಅದು ಇರಲಿಲ್ಲ.

ಇನ್ನೊಂದು ಪ್ರಸಂಗ ಥಾಮಸ್ ಎಂಬ ಒಂಬತ್ತು ವರ್ಷದ ಗಂಡಿನದು. ಅವನ ತಾಯಿ ಸತ್ತಮೇಲೆ ನೋಯೆಲ್ ಎಂಬ ಹೆಣ್ಣು ಅವನನ್ನು ತನ್ನ ಹತ್ತಿರಕ್ಕೆ ಸೇರಿಸಿಕೊಂಡಿದ್ದಳು. ಶ್ವಾಸಕೋಶದ ರೋಗದಿಂದ ಥಾಮಸ್ ಸತ್ತಾಗ ಗುಂಪಿನ ಹಲವರು ಸುತ್ತ ನೆರೆದರು. ಸೇವಕರು ಆಹಾರವನ್ನು ತೋರಿಸಿ ಕರೆದರು. ಉಳಿದವರು ಹೋದರು, ನೋಯೆಲ್ ಹೋಗಲಿಲ್ಲ. ಅವಳು ಗಟ್ಟಿಯಾದ ಒಂದು ಹುಲ್ಲುಕಡ್ಡಿಯನ್ನು ಆರಿಸಿಕೊಂಡು, ಹೆಣದ ತುಟಿ ಬಿಡಿಸಿ, ಹಲ್ಲುಗಳನ್ನು ಮೆಲ್ಲಮೆಲ್ಲನೆ ಶುಚಿಮಾಡತೊಡಗಿದಳು. ಅವಳ ಮಗಳು ನೀನಾ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ೨೦೧೭ರಲ್ಲಿ ಈ ವರದಿ ವಿಜ್ಞಾನಪತ್ರಿಕೆಯೊಂದರಲ್ಲಿ ಹೊರಬಂದಿತು. ಇದು ಸಂಸ್ಕಾರವೆಂದು ನಾನು ಹೇಳುವುದಿಲ್ಲ, ಅಲ್ಲವೆನ್ನುವ ಧೈರ್ಯವೂ ನನಗಿಲ್ಲ.

ಹುಲ್ಲುಕಡ್ಡಿಯ ಮಾತು ಬಂದುದರಿಂದ ಜೂಲಿಯ ವಿಚಾರವನ್ನೂ ಹೇಳಬೇಕು. ಜೂಲಿ ಎಂಬ ಹೆಣ್ಣು ಒಂದು ಹುಲ್ಲೆಸಳನ್ನು ಕಿವಿಗೆ ಸಿಕ್ಕಿಸಿಕೊಂಡು ಹಾಗೆಯೇ ಓಡಾಡುವ ಚಾಳಿ ಹಚ್ಚಿಕೊಂಡಳು. ಪ್ರಯೋಜನವೇನೆಂದರೆ ಏನೂ ಇಲ್ಲ. ಮೊದಲು ಮಗ ಜ್ಯಾಕ್ ಅನುಕರಿಸಿದನು. ಆಮೇಲೆ ಒಬ್ಬೊಬ್ಬರಾಗಿ, ಹನ್ನೆರಡು ಮಂದಿಯ ಆ ಗುಂಪಿನಲ್ಲಿ ಎಂಟು ಮಂದಿಯ ಕಿವಿಗೆ ಹುಲ್ಲು ಬಂದಿತು. ಬೇರೆ ಗುಂಪುಗಳಲ್ಲಿ ಆಗ ಇದು ರೂಢಿಯಲ್ಲಿರಲಿಲ್ಲ. ಈ ಸಂಗತಿ ಪ್ರಕಟವಾದದ್ದು ೨೦೧೪ರಲ್ಲಿ. ಜೂಲಿ ಸತ್ತಮೇಲೂ ಹುಲ್ಲು ಉಳಿಯಿತು. ಹೀಗಿರಲು ೨೦೨೩ರಲ್ಲಿ, ಜೂಲಿಯ ಗುಂಪಿನೊಡನೆ ಸಂಪರ್ಕವೇ ಇಲ್ಲದ ಮತ್ತೊಂದು ಗುಂಪಿನಲ್ಲಿಯೂ ಕಿವಿಗೆ ಹುಲ್ಲು ಕಾಣಿಸಿಕೊಂಡಿತು. ಇವರಿಗೆ ಕಲಿಸಿದವರು ಯಾರೆಂದು ಸಂಶೋಧಕರು ಹುಡುಕಿ, ಕೊನೆಗೆ ಸೇವಕರನ್ನು ವಿಚಾರಿಸಿದರು. ಕಿವಿ ತುರಿಸಿದಾಗ ತಾವು ಆಗಾಗ ಹುಲ್ಲುಕಡ್ಡಿಯನ್ನೋ ಬೆಂಕಿಕಡ್ಡಿಯನ್ನೋ ಕಿವಿಗೆ ಹಾಕಿಕೊಳ್ಳುವುದುಂಟೆಂದು ಆ ಸೇವಕರು ಹೇಳಿದರಂತೆ.