ನೆರೆಮನೆಯ ಅಂಗಳಕ್ಕೆ ಬೀಳುವ ನಮ್ಮ ಮಾಡಿನ ನೀರು

ನೆಲದ ಮೇಲೆ ಗಡಿಯನ್ನು ಗುರುತಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಸರ್ವೆಯವರು ಬಂದು ಅಳತೆ ಮಾಡಿ ಕಲ್ಲು ನೆಟ್ಟರೆ ಎರಡು ಜಾಗಗಳ ನಡುವಿನ ರೇಖೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಆದರೆ ಆ ಕಲ್ಲಿನ ಮೇಲಿರುವ ಗಾಳಿಯಲ್ಲಿ ಗಡಿ ಎಲ್ಲಿದೆ? ಅಲ್ಲಿ ಕಲ್ಲು ನೆಡುವವರು ಯಾರು? ನಮ್ಮ ಊರುಗಳಲ್ಲಿ ನೆರೆಹೊರೆಯವರ ನಡುವೆ ಇಂದು ಮನಸ್ತಾಪಕ್ಕೆ ಎಡೆಮಾಡುತ್ತಿರುವ ಸಂಗತಿಗಳನ್ನು ಗಮನಿಸಿದರೆ, ಅವುಗಳಲ್ಲಿ ಅನೇಕವು ನೆಲದಿಂದ ಹತ್ತಡಿ ಮೇಲೆ ಹುಟ್ಟಿಕೊಂಡವುಗಳೆಂಬುದು ಅರಿವಾಗುತ್ತದೆ. ಕಂಪೌಂಡು ಗೋಡೆಯ ಆಚೆಗೆ ಚಾಚಿದ ಸಜ್ಜಾ, ಸೋರುವ ತಾರಸಿಯ ಮೇಲೆ ಹೊದಿಸಿದ ತಗಡಿನ ಮಾಡು, ಗೋಡೆಗೆ ತಗುಲಿಸಿದ ಏ.ಸಿ. ಯಂತ್ರದಿಂದ ತೊಟ್ಟಿಕ್ಕುವ ನೀರು, ಪಕ್ಕದ ಮನೆಯ ಹಂಚಿನ ಮೇಲೆ ಬಾಗಿ ನಿಂತ ತೆಂಗಿನ ಮರ - ಇವೆಲ್ಲ ಕ್ಷುಲ್ಲಕವೆಂದು ತೋರುವ ವಿಷಯಗಳು. ಆದರೆ ಇಂತಹ ಒಂದೆರಡು ಅಡಿಗಳಿಗಾಗಿ ಮಾತು ಬಿಟ್ಟ ಮನೆಗಳು ಯಾವ ವಾಳೆಯಲ್ಲಿ ಇಲ್ಲ?

ನಮ್ಮ ಹಿರಿಯರ ಕಾಲದಲ್ಲಿ ಈ ಸಮಸ್ಯೆ ಇಷ್ಟಾಗಿ ತಲೆದೋರದಿರಲು ಕಾರಣ ಅವರೆಲ್ಲರೂ ನಮಗಿಂತ ಸಜ್ಜನರಾಗಿದ್ದುದೇ ಎಂದು ಹೇಳಲಾಗದು. ವಿಶಾಲವಾದ ಹಿತ್ತಿಲಿನ ನಡುವೆ ಮನೆಯಿತ್ತು. ಮುಳಿಹುಲ್ಲಿನದಾಗಲಿ ಹಂಚಿನದಾಗಲಿ, ಮಾಡಿನ ನೀರು ಸ್ವಂತ ಅಂಗಳದಲ್ಲಿಯೇ ಬಿದ್ದು ಸ್ವಂತ ತೋಟಕ್ಕೆ ಹರಿಯುತ್ತಿತ್ತು. ಇಂದು ಹಿರಿಯರ ಒಂದು ಎಕರೆ ಮಕ್ಕಳ ನಡುವೆ ಪಾಲಾಗಿ, ಪಾಲು ಮತ್ತೆ ಪಾಲಾಗಿ, 5 ಸೆಂಟ್ಸ್ ಜಾಗದಲ್ಲಿ ಎರಡಂತಸ್ತಿನ ಮನೆ ಎದ್ದು ನಿಲ್ಲುತ್ತಿದೆ. ಕಟ್ಟಡ ನಿಯಮಗಳ ಪ್ರಕಾರ ಸುತ್ತಲೂ ಬಿಡಬೇಕಾದ ತೆರವು ನಕ್ಷೆಯಲ್ಲಿ ಮಾತ್ರ ಉಳಿಯುತ್ತದೆ. ಗೋಡೆ ಗಡಿಯವರೆಗೆ ಬಂದರೆ ಸಜ್ಜಾ ಗಡಿಯನ್ನು ದಾಟಲೇಬೇಕಷ್ಟೆ.

ಎರಡಡಿಯ ಚಾಚಿನಿಂದ ನೆರೆಯವರಿಗೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಮಾಡಿನ ಒಂದು ಪಾರ್ಶ್ವ 30 ಅಡಿ ಉದ್ದ, 15 ಅಡಿ ಅಗಲ ಇದೆಯೆಂದು ಭಾವಿಸೋಣ. ಅದು ಸುಮಾರು 42 ಚದರ ಮೀಟರ್. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡರೂ, ಆ ಒಂದು ಪಾರ್ಶ್ವದಿಂದ ಇಳಿಯುವ ನೀರು 1,40,000 ಲೀಟರಿಗೂ ಅಧಿಕ. 6,000 ಲೀಟರಿನ ಟ್ಯಾಂಕರುಗಳಲ್ಲಿ ತುಂಬಿಸಿದರೆ ಇಪ್ಪತ್ತನಾಲ್ಕು ಟ್ಯಾಂಕರು ನೀರು! ಇದೆಲ್ಲವೂ ನಾಲ್ಕು ತಿಂಗಳ ಅವಧಿಯಲ್ಲಿ ಪಕ್ಕದವರ ಗೋಡೆಯ ಬುಡಕ್ಕೆ ಸುರಿದರೆ ಪಾಯದ ಗತಿಯೇನು, ಬಾವಿಯ ಕಟ್ಟೆಯ ಗತಿಯೇನು? ಹೀಗೆ ನೋಡಿದಾಗ ದೂರುವ ನೆರೆಯವನನ್ನು ಜಗಳಗಂಟನೆಂದು ಕರೆಯುವ ಮುನ್ನ ಒಂದು ಕ್ಷಣ ಯೋಚಿಸಬೇಕಾಗುತ್ತದೆ.

ಗಾಳಿಯ ಮೇಲಿನ ಒಡೆತನದ ಪ್ರಶ್ನೆ ಹೊಸದೇನೂ ಅಲ್ಲ. ಸೂರಿನ ನೀರನ್ನು ನೆರೆಯ ಜಾಗಕ್ಕೆ ಬೀಳಿಸುವ ಹಕ್ಕು ಮತ್ತು ಕಟ್ಟಡದ ಭಾಗವನ್ನು ನೆರೆಯ ಜಾಗದ ಮೇಲೆ ಚಾಚುವ ಹಕ್ಕು ಎಂಬ ಎರಡು ಪ್ರತ್ಯೇಕ ಹಕ್ಕುಗಳನ್ನು ಪ್ರಾಚೀನ ರೋಮನ್ ಕಾನೂನು ಗುರುತಿಸಿತ್ತು. ನೆಲ ಯಾರದೋ ಅದರ ಮೇಲಿನ ಆಕಾಶವೂ ಅವರದೇ ಎಂಬ ಸೂತ್ರವು 13ನೇ ಶತಮಾನದಲ್ಲಿ ಬೊಲೋನಾದ ವಿದ್ವಾಂಸ ಅಕ್ಕುರ್ಸಿಯುಸನ ಟಿಪ್ಪಣಿಗಳಿಂದ ಪ್ರಚಾರಕ್ಕೆ ಬಂದಿತೆನ್ನಲಾಗಿದೆ. 1957ರಲ್ಲಿ ಇಂಗ್ಲೆಂಡಿನಲ್ಲಿ ಒಂದು ತಂಬಾಕು ಕಂಪೆನಿಯ ಜಾಹೀರಾತು ಫಲಕವು ಪಕ್ಕದ ಅಂಗಡಿಯ ಮಾಡಿನ ಮೇಲೆ ಕೇವಲ 8 ಇಂಚು ಚಾಚಿಕೊಂಡಿತ್ತೆಂಬ ಕಾರಣಕ್ಕೆ ಅದನ್ನು ತೆರವುಗೊಳಿಸುವಂತೆ ನ್ಯಾಯಾಲಯ ಆದೇಶಿಸಿತು. ಆದರೆ ಈ ಒಡೆತನಕ್ಕೂ ಮಿತಿಯುಂಟು. ಸ್ವಂತ ಜಾಗವನ್ನೂ ಕಟ್ಟಡವನ್ನೂ ಸಹಜವಾಗಿ ಅನುಭವಿಸಲು ಅಗತ್ಯವಾದಷ್ಟು ಎತ್ತರದವರೆಗೆ ಮಾತ್ರ ಗಾಳಿಯ ಮೇಲೆ ಹಕ್ಕು ಎಂದು 1977ರಲ್ಲಿ ಅದೇ ದೇಶದ ಇನ್ನೊಂದು ತೀರ್ಪು ಸ್ಪಷ್ಟಪಡಿಸಿತು. ಮನೆಯ ಮೇಲೆ ಹಾರುವ ವಿಮಾನವನ್ನು ತಡೆಯಲಾಗದು. ಮನೆಯ ಮೇಲೆ ಚಾಚಿದ ಸಜ್ಜಾವನ್ನು ತಡೆಯಬಹುದು.

ನಮ್ಮ ದೇಶದಲ್ಲಿ ಇಂತಹ ಹಕ್ಕುಗಳನ್ನು ನಿಯಂತ್ರಿಸುವುದು 1882ರ ಈಸ್‌ಮೆಂಟ್ ಕಾಯಿದೆ. ಅದು ಮೊದಲು ಜಾರಿಗೆ ಬಂದ ಪ್ರದೇಶಗಳಲ್ಲಿ ಮದ್ರಾಸ್ ಪ್ರಾಂತ್ಯ ಮತ್ತು ಕೊಡಗು ಸೇರಿದ್ದುದರಿಂದ, ಅಂದು ಆ ಪ್ರಾಂತ್ಯಕ್ಕೆ ಒಳಪಟ್ಟಿದ್ದ ದಕ್ಷಿಣ ಕನ್ನಡಕ್ಕೂ ಅದು ಆರಂಭದಿಂದಲೇ ಅನ್ವಯಿಸಿತು. ಈ ಕಾಯಿದೆಯಲ್ಲಿ ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರಬೇಕಾದ ಮೂರು ಅಂಶಗಳಿವೆ.

ಒಂದನೆಯದು, ಕಾಲದ ಮಹಿಮೆ. ನಮ್ಮ ಮಾಡಿನ ನೀರು ಬಹಿರಂಗವಾಗಿ, ಶಾಂತಿಯುತವಾಗಿ, ಅಡೆತಡೆಯಿಲ್ಲದೆ, ಹಕ್ಕೆಂಬ ಭಾವದಿಂದ 20 ವರ್ಷ ನೆರೆಯವರ ಜಾಗಕ್ಕೆ ಬಿದ್ದರೆ ಅದು ಕಾನೂನುಬದ್ಧ ಹಕ್ಕಾಗಿ ಮಾರ್ಪಡಬಹುದು. ಆದರೆ ಕೇಳಿ ಪಡೆದ ಅನುಮತಿಯ ಮೇರೆಗೆ ನಡೆದ ಬಳಕೆ ಎಷ್ಟು ವರ್ಷ ಕಳೆದರೂ ಹೀಗೆ ಹಕ್ಕಾಗಿ ಪರಿಣಮಿಸದು.

ಎರಡನೆಯದು, ಹಕ್ಕಿನ ಮಿತಿ. ಮಾಡಿನ ನೀರು ಬಿಡುವ ಹಕ್ಕು ಇರುವವನು ಸಹ ಮಾಡನ್ನು ಮುಂದಕ್ಕೆ ಚಾಚಿ ನೆರೆಯವನ ಜಾಗದ ಹೊರೆಯನ್ನು ಹೆಚ್ಚಿಸುವಂತಿಲ್ಲ. ಇದನ್ನು ಕಾಯಿದೆಯೇ ಉದಾಹರಣೆ ಕೊಟ್ಟು ವಿವರಿಸುತ್ತದೆ.

ಮೂರನೆಯದು, ಬಾಯಿಮಾತಿನ ಅನುಮತಿಯ ಪರಿಣಾಮ. "ಒಂದಡಿ ತಾನೇ ಪೊರ್ಬುಗಳೇ, ಇರಲಿ ಬಿಡಿ" ಎಂದು ನೆರೆಯವರು ಒಪ್ಪುತ್ತಾರೆ. ಸಾಮಾನ್ಯವಾಗಿ ಕೊಟ್ಟ ಅನುಮತಿಯನ್ನು ಹಿಂತೆಗೆಯಬಹುದು. ಆದರೆ ಅದನ್ನು ನಂಬಿ ಹಣ ವೆಚ್ಚಮಾಡಿ ಶಾಶ್ವತ ಸ್ವರೂಪದ ಕಾಮಗಾರಿ ನಡೆಸಿದ್ದರೆ ಹಿಂತೆಗೆಯುವಂತಿಲ್ಲ ಎನ್ನುತ್ತದೆ ಕಾಯಿದೆಯ 60ನೇ ಕಲಮು. ಅತ್ತ, ಅನುಮತಿ ಕೊಟ್ಟವರು ಜಾಗ ಮಾರಿದರೆ, ಕೊಂಡವನು ಕೇವಲ ಆ ಅನುಮತಿಯ ಕಾರಣದಿಂದ ಬದ್ಧನಾಗುವುದಿಲ್ಲ ಎನ್ನುತ್ತದೆ 59ನೇ ಕಲಮು. ಹೀಗೆ ಒಳ್ಳೆಯ ಮನಸ್ಸಿನಿಂದ ಆಡಿದ ಒಂದು ಮಾತು ಎರಡೂ ಕಡೆಯವರನ್ನು ಇಕ್ಕಟ್ಟಿಗೆ ಸಿಲುಕಿಸಬಲ್ಲದು. ಮಾತು ಕೊಟ್ಟವರು ತೀರಿಕೊಂಡ ಬಳಿಕ ಅವರ ಮಕ್ಕಳಿಗೆ ಅದು ಅತಿಕ್ರಮಣವಾಗಿ ಕಾಣುತ್ತದೆ. ಮಾತು ಪಡೆದವರ ಮಕ್ಕಳಿಗೆ ಹುಟ್ಟಿನಿಂದ ಬಂದ ಹಕ್ಕಾಗಿ ಕಾಣುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಇಬ್ಬರೂ ವಕೀಲರ ಬಾಗಿಲು ತಟ್ಟುತ್ತಾರೆ.

ಮರಗಳ ವಿಷಯ ತುಸು ಭಿನ್ನ. ಗಡಿ ದಾಟಿ ಬಂದ ಕೊಂಬೆಯನ್ನು ನೆರೆಯವನು ತನ್ನ ಜಾಗದಲ್ಲಿಯೇ ನಿಂತು, ಗಡಿಯವರೆಗೆ ಮಾತ್ರ ಕಡಿಯಬಹುದೆಂದು 1894ರಲ್ಲಿ ಇಂಗ್ಲೆಂಡಿನ ಪ್ರಭುಗಳ ಸಭೆ ತೀರ್ಪಿತ್ತಿತು; ಕಡಿದ ಕೊಂಬೆಯ ಹಣ್ಣು ಮರದ ಒಡೆಯನದೇ ಎಂದು 1919ರ ತೀರ್ಪೊಂದು ಹೇಳಿತು. ನಮ್ಮಲ್ಲಿಯೂ ಸ್ಥೂಲವಾಗಿ ಇದೇ ತತ್ವ. ಆದರೆ ಕೊಂಬೆಗೆ ಅನ್ವಯಿಸುವ ನ್ಯಾಯವನ್ನು ಕಟ್ಟಡಕ್ಕೆ ಅನ್ವಯಿಸಿ ಪಕ್ಕದವರ ಸಜ್ಜಾವನ್ನು ಸ್ವತಃ ಒಡೆಯಹೊರಟರೆ ಕ್ರಿಮಿನಲ್ ಮೊಕದ್ದಮೆ ಬೆನ್ನು ಹತ್ತುವುದು ಖಂಡಿತ. ಮರವು ಬೀಳುವ ಸ್ಥಿತಿಯಲ್ಲಿದ್ದು ಜನರಿಗೆ ಅಪಾಯವಿದ್ದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ದೂರು ಸಲ್ಲಿಸಬಹುದು.

ಇದು ಕಾನೂನಿನ ಮಾತಾಯಿತು. ಆದರೆ ಕಾನೂನು ಉತ್ತರಿಸುವುದು 'ಇದು ಯಾರದು?' ಎಂಬ ಪ್ರಶ್ನೆಗೆ ಮಾತ್ರ. 'ಇದನ್ನು ಹೇಗೆ ಬಳಸಬೇಕು?' ಎಂಬುದು ಬೇರೆಯೇ ಪ್ರಶ್ನೆ. ಸಂತ ಥಾಮಸ್ ಅಕ್ವಿನಾಸರು ಈ ಎರಡನ್ನೂ ಎಚ್ಚರದಿಂದ ಬೇರ್ಪಡಿಸಿದ್ದಾರೆ. ಆಸ್ತಿಯನ್ನು ಸಂಪಾದಿಸುವ, ನಿರ್ವಹಿಸುವ ಮಟ್ಟಿಗೆ ಖಾಸಗಿ ಒಡೆತನ ನ್ಯಾಯಸಮ್ಮತವೂ ಅಗತ್ಯವೂ ಹೌದು. ಎಲ್ಲರದೂ ಆದದ್ದನ್ನು ಯಾರೂ ಜತನ ಮಾಡುವುದಿಲ್ಲ, ಒಡೆತನ ಅಸ್ಪಷ್ಟವಾದಲ್ಲಿ ಜಗಳ ತಪ್ಪಿದ್ದಲ್ಲ. ಬಳಕೆಯ ಮಟ್ಟಿಗಾದರೋ ಮನುಷ್ಯನು ತನ್ನದನ್ನು ಅಗತ್ಯವಿರುವ ಇತರರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು. ಈ ವಿಚಾರವನ್ನು ನಮ್ಮ ಕಂಪೌಂಡು ಗೋಡೆಗೆ ತಂದು ನೋಡಿದರೆ, ಗಡಿ ಸ್ಪಷ್ಟವಾಗಿರಬೇಕು, ಮನಸ್ಸು ಉದಾರವಾಗಿರಬೇಕು ಎಂದಾಗುತ್ತದೆ. ಗಡಿಯನ್ನೇ ಅಸ್ಪಷ್ಟವಾಗಿಟ್ಟು ಅದನ್ನು ಔದಾರ್ಯವೆಂದು ಕರೆಯುವುದು ಮುಂದಿನ ತಲೆಮಾರಿಗೆ ವ್ಯಾಜ್ಯವನ್ನು ಬಿಟ್ಟುಹೋಗುವುದಕ್ಕೆ ಸಮ.

ಹೊಸ ಮನೆ ಕಟ್ಟುವವನು ಮಾಳಿಗೆಗೆ ಕಟಕಟೆ ಹಾಕಿಸಬೇಕು, ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧಕ್ಕೆ ಮನೆಯವನೇ ಹೊಣೆ ಎಂಬ ವಿಧಿ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿದೆ. ಅಪಘಾತ ನಡೆದ ಬಳಿಕ ವಿಷಾದಿಸುವುದಲ್ಲ, ಕಟ್ಟುವಾಗಲೇ ಪರರ ಸುರಕ್ಷೆಯನ್ನು ನೆನೆಯುವುದು ಈ ವಿಧಿಯ ತಿರುಳು. ನಮ್ಮ ಸಜ್ಜಾಗಳಿಗೂ ತಗಡಿನ ಮಾಡುಗಳಿಗೂ ಇದೇ ಮಾತು ಸಲ್ಲುತ್ತದೆ.

ಆದುದರಿಂದ ನೆರೆಯವರೊಡನೆ ಬಾಯಿಬಿಟ್ಟು ಮಾತನಾಡಬೇಕಾದ ಮೂರು ಸಂದರ್ಭಗಳನ್ನು ನಾವು ಇಲ್ಲಿ ಸೂಚಿಸಬಯಸುತ್ತೇವೆ. ಮೊದಲನೆಯದು, ಸ್ಲ್ಯಾಬಿಗೆ ಹಲಗೆ ಬಡಿಯುವ ಮುನ್ನ; ಕಾಂಕ್ರೀಟು ಸುರಿದ ಮೇಲೆ ಕ್ಷಮೆ ಕೇಳುವುದಕ್ಕಿಂತ ಸುರಿಯುವ ಮೊದಲು ನಕ್ಷೆ ತೋರಿಸುವುದು ಮೇಲು. ಎರಡನೆಯದು, ಆಸ್ತಿಯ ಪಾಲುಪಟ್ಟಿ ಅಥವಾ ಮಾರಾಟದ ವೇಳೆ. ಅಣ್ಣತಮ್ಮಂದಿರು ಗಡಿಕಲ್ಲಿನ ಜೊತೆಗೆ ಯಾರ ಮಾಡಿನ ನೀರು ಎಲ್ಲಿಗೆ, ಯಾರ ತೆಂಗು ಯಾವ ಕಡೆಗೆ ಎಂಬುದನ್ನೂ ಪತ್ರದಲ್ಲಿ ಬರೆಯಿಸಲಿ. ಮೂರನೆಯದು, ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು. ದಂಬೆ ಕಟ್ಟಿಸುವುದು, ಪೈಪಿನಲ್ಲಿ ನೀರನ್ನು ತಮ್ಮದೇ ಜಾಗಕ್ಕೆ ಇಳಿಸುವುದು, ಒಣಗಿದ ಮಡಲು ತೆಗೆಸುವುದು ಇವೆಲ್ಲ ವ್ಯಾಜ್ಯದ ಮೊದಲ ದಿನದ ಖರ್ಚಿಗಿಂತ ಕಡಿಮೆಯಲ್ಲಿ ಆಗುವ ಕೆಲಸಗಳು.

ಅನುಮತಿ ಕೊಡುವವರು ಸಂತೋಷದಿಂದ ಕೊಡಲಿ, ಆದರೆ ಬರೆದು ಕೊಡಲಿ. ಎಷ್ಟು ಅಡಿ, ಎಷ್ಟು ಕಾಲ, ನೀರಿನ ವ್ಯವಸ್ಥೆ ಯಾರದು, ಜಾಗ ಕೈ ಬದಲಾದರೆ ಏನು ಎಂಬುದಷ್ಟು ಆ ಕಾಗದದಲ್ಲಿದ್ದು, ಇಬ್ಬರ ಸಹಿ ಹಾಗೂ ವಾಳೆಯ ಗುರಿಕಾರರಂತಹ ಇಬ್ಬರು ಹಿರಿಯರ ಸಾಕ್ಷಿ ಇರಲಿ. ಶಾಶ್ವತವಾದ ಹಕ್ಕನ್ನೇ ಕೊಡುವುದಾದರೆ ಪತ್ರವನ್ನು ನೋಂದಾಯಿಸುವುದು ಅವಶ್ಯ. ಹೀಗೆ ಬರೆಯುವುದು ಅಪನಂಬಿಕೆಯ ಕುರುಹಲ್ಲ. ವಿವಾಹದಂತಹ ಪವಿತ್ರ ಸಂಬಂಧವನ್ನೂ ನಾವು ಧರ್ಮಕೇಂದ್ರದ ದಾಖಲೆಯಲ್ಲಿ ಸಾಕ್ಷಿಗಳ ಸಹಿಯೊಡನೆ ಬರೆದಿಡುವುದಿಲ್ಲವೇ? ವಿವಾದ ಈಗಾಗಲೇ ತಲೆದೋರಿದ್ದರೆ ಲೋಕ ಅದಾಲತ್‌ನ ದಾರಿ ತೆರೆದಿದೆ. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅದರ ಮೇಲೆ ಮೇಲ್ಮನವಿ ಇಲ್ಲ.

ನಮ್ಮ ಅನೇಕ ಮನೆಗಳಲ್ಲಿ ಇಂದು ವೃದ್ಧ ತಂದೆತಾಯಿಯರು ಮಾತ್ರ ಇದ್ದಾರೆ. ಮಕ್ಕಳು ಕೊಲ್ಲಿಯಲ್ಲಿಯೋ ಬೆಂಗಳೂರಿನಲ್ಲಿಯೋ ಇದ್ದಾರೆ. ನಡುರಾತ್ರಿ ಎದೆನೋವು ಬಂದಾಗ ದುಬೈಯಿಂದ ಮಗ ಓಡಿ ಬರಲಾರ. ಗೋಡೆಯಾಚೆಗಿನ ಮನೆಯ ದೀಪ ಉರಿಯಬೇಕು, ಆ ಮನೆಯವರೇ ರಿಕ್ಷಾ ತರಿಸಬೇಕು. ಎರಡಡಿ ತಗಡಿಗಾಗಿ ನಾಲ್ಕು ವರ್ಷದಿಂದ ಮಾತು ಬಿಟ್ಟಿರುವ ಮನೆಯನ್ನು ಆ ಹೊತ್ತಿನಲ್ಲಿ ಕರೆಯಲು ಬಾಯಿ ಬರುವುದೇ? ಈ ಬಾರಿ ಮಳೆ ಹಿಡಿಯುವ ಮೊದಲು ಪ್ರತಿಯೊಬ್ಬ ಗೃಹಸ್ಥರೂ ತಮ್ಮ ಮನೆಯ ಸುತ್ತ ಒಮ್ಮೆ ನಡೆದು, ತಲೆಯೆತ್ತಿ ನೋಡಿ, ಗಡಿಯಾಚೆಗೆ ಚಾಚಿದ್ದೇನಾದರೂ ಇದ್ದರೆ ನೆರೆಯವರ ಬಾಗಿಲಿಗೆ ತಾವಾಗಿಯೇ ಹೋಗಲಿ ಎಂದು ಹಾರೈಸುತ್ತೇವೆ.