ಗಾಜಿನ ಮನೆಯ ಮೀನು ಮತ್ತು ನಮ್ಮ ನೀರು

ಮಕ್ಕಳ ಹಠಕ್ಕೆ ಸೋತು ಮನೆಗೆ ಅಕ್ವೇರಿಯಂ ತಂದವರು ನಿಮ್ಮಲ್ಲಿ ಹಲವರಿರಬಹುದು. ಮೊದಲ ವಾರ ಮನೆಮಂದಿಯೆಲ್ಲ ಅದರ ಮುಂದೆ. ಆಮೇಲೆ ಬಕೆಟ್ ಹಿಡಿದು ನೀರು ಬದಲಿಸುವ ಕೆಲಸ ಮಾತ್ರ ತಾಯಿಯ ಪಾಲಿಗೆ. ಬೇಸತ್ತು ಬಿಟ್ಟರೆ ಮೀನುಗಳು ಒಂದೊಂದಾಗಿ ಸಾಯುತ್ತವೆ. ಬೆಕ್ಕೊಂದನ್ನು ಕಟ್ಟಿಹಾಕಿ ಆಹಾರ ಕೊಡದೆ ಸಾಯಿಸಿದ ಮಹಿಳೆ ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಗಾಜಿನೊಳಗೆ ಬಂಧಿಯಾದ ಮೀನಿನ ಹೊಣೆಯೂ ನಮ್ಮದೇ ಅಲ್ಲವೇ?

ಮೀನಿನ ಕಲ್ಮಶ ಮತ್ತು ಉಳಿದ ಆಹಾರದಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ, ಆದರೆ ನೈಟ್ರೇಟ್ ಕೂಡ ತೊಟ್ಟಿಯಲ್ಲೇ ಶೇಖರವಾಗುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಇನ್ನೊಂದು ತೊಂದರೆಯಿದೆ. ಇದು ಸುಣ್ಣದ ಕಲ್ಲಿನ ನೆಲ. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೇ ಅದಕ್ಕಾಗಿ. ಇಂತಹ ನೆಲದ ಬೋರ್‌ವೆಲ್ ನೀರು ಗಡುಸು. ಬೇಸಿಗೆಯಲ್ಲಿ ನೀರು ಆವಿಯಾದರೂ ಲವಣ ಉಳಿಯುತ್ತದೆ. ಕಡಿಮೆಯಾದಷ್ಟನ್ನೇ ಮೇಲಿಂದ ತುಂಬಿಸುತ್ತಾ ಹೋದರೆ ಗಡಸುತನ ಏರುತ್ತಲೇ ಇರುತ್ತದೆ. ಆದ್ದರಿಂದ ಹಳೆಯ ನೀರು ಹೊರಗೆ ಹೋಗಲೇಬೇಕು.

ಇದಕ್ಕೊಂದು ಸುಲಭ ದಾರಿಯಿದೆ. ಹಿಂಬದಿಯ ಗಾಜಿನ ಮೇಲ್ಭಾಗದಲ್ಲಿ ಒಂದು ರಂಧ್ರ ಕೊರೆಸಿ, ರಬ್ಬರ್ ವಾಷರ್ ಇರುವ ಜೋಡಣೆಯ ಮೂಲಕ ಪೈಪು ಹಾಕಿಸಿ. ಮೇಲೆ ಸಣ್ಣ ಡಬ್ಬವಿಟ್ಟು ಹೊಸ ಡ್ರಿಪ್ ನಳಿಗೆಯಿಂದ ಹನಿಹನಿಯಾಗಿ ನೀರು ಬಿಡಿ. ಹೆಚ್ಚಾದ ನೀರು ತಾನಾಗಿ ಹೊರಹೋಗುತ್ತದೆ, ಕರೆಂಟಿನ ಅಗತ್ಯವಿಲ್ಲ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ಸುಮಾರು 55 ಲೀಟರ್ ಹಿಡಿಯುತ್ತದೆ. ದಿನಕ್ಕೆ 2 ಲೀಟರ್ ಬಿಟ್ಟರೆ ವಾರಕ್ಕೆ 14 ಲೀಟರ್, ಅಂದರೆ ಕಾಲುಭಾಗ. ಬೇಸಿಗೆಯಲ್ಲಿ ಆವಿಯಾಗುವಷ್ಟನ್ನು ಸೇರಿಸಿ ಬಿಡಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ.

ಫರ್ಶಿ ಕಲ್ಲು ಕತ್ತರಿಸುವಾಗ ಚಕ್ರದ ಮೇಲೆ ನೀರು ಬೀಳುತ್ತಿರುವುದನ್ನು ಶಹಾಬಾದಿನವರು ಬಲ್ಲರು. ಗಾಜಿಗೂ ಅದೇ ನಿಯಮ. ವಜ್ರದ ಹರಳು ಕೂರಿಸಿದ ಬಿಟ್, ನಿಧಾನ ವೇಗ, ಸತತ ನೀರು. ಒತ್ತಿದರೆ ಗಾಜು ಒಡೆಯುತ್ತದೆ. ರಂಧ್ರಕ್ಕೂ ಗಾಜಿನ ಅಂಚಿಗೂ ನಡುವೆ ಕನಿಷ್ಠ ರಂಧ್ರದ ಅಗಲದಷ್ಟು ಜಾಗವಿರಲಿ. ಟಫನ್ಡ್ ಗಾಜನ್ನು ಕೊರೆಯಲೇಬಾರದು, ಅದು ಚೂರುಚೂರಾಗುತ್ತದೆ. ನೀರು, ಕರೆಂಟು ಎರಡೂ ಜೊತೆಗಿರುವ ಈ ಕೆಲಸ ಗಾಜಿನ ಅಂಗಡಿಯ ಅನುಭವಿಗಳಿಂದಲೇ, ಖಾಲಿ ತೊಟ್ಟಿಯಲ್ಲೇ ಆಗಲಿ. ರಂಧ್ರ ತಳದಲ್ಲಿ ಬೇಡ. ಪೈಪು ಕಳಚಿದರೆ ತೊಟ್ಟಿಯೇ ಬರಿದಾಗುತ್ತದೆ. ಬಾಯಿಗೆ ಜಾಲರಿ ಹಾಕಿಸಿ. ನೀರು ತುಂಬಿಸಿ ಒಂದು ದಿನ ಸೋರಿಕೆ ನೋಡಿದ ಮೇಲೆಯೇ ಮೀನು ಬಿಡಿ.

ಗಪ್ಪಿ, ಮೋಲಿ, ಪ್ಲಾಟಿ ಮೀನುಗಳು ಗಡುಸು ನೀರಿಗೆ ಒಗ್ಗುತ್ತವೆ. ಸಾಕಲಾಗದೆ ಹೋದರೆ ಅವನ್ನು ಕಾಗಿಣಾ ನದಿಗಾಗಲಿ, ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯಕ್ಕಾಗಲಿ ಬಿಡಬೇಡಿ. ಪರದೇಶದ ಮೀನು ಸ್ಥಳೀಯ ಮೀನುಗಳಿಗೆ ಕುತ್ತಾಗಬಹುದು. ಸಾಕುವವರಿಗೆ ಕೊಟ್ಟುಬಿಡಿ.

ಸಹೋದರಿಯರೇ, ಉಣ್ಣುವುದರಲ್ಲಿ, ಕುಡಿಯುವುದರಲ್ಲಿ ಕೂಡ ಮಿತಿ ಮೀರಬಾರದೆಂದು ಕುರ್‌ಆನ್ ಬೋಧಿಸುತ್ತದೆ. ಕುಡಿಯಲು ಕೊಡ ಹೊರುವ ಮನೆಯಲ್ಲಿ ಅಲಂಕಾರಕ್ಕೆ ನೀರು ಚೆಲ್ಲುವುದು ತರವಲ್ಲ. ಪೈಪಿನ ತುದಿಯನ್ನು ಕರಿಬೇವಿನ ಬುಡಕ್ಕೋ ಪುದೀನದ ಕುಂಡಕ್ಕೋ ತಿರುಗಿಸಿ. ಮೀನಿಗೆ ಬೇಡವಾದ ನೈಟ್ರೇಟ್ ಗಿಡಕ್ಕೆ ಗೊಬ್ಬರ. ಅಷ್ಟು ನೀರೂ ಇಲ್ಲದಿದ್ದರೆ ತೊಟ್ಟಿಯನ್ನು ತರದಿರುವುದೇ ಮೀನಿಗೆ ತೋರುವ ದಯೆ.